ಅಮೆರಿಕದ ಹುಲ್ಲುಗಾವಲಿನ ಬದುಕು ಆರ್ಕೆಸ್ಟ್ರಾದಲ್ಲಿ: ಎಲ್ಲಿಂದ ಕೇಳಲು ಶುರು ಮಾಡಲಿ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಊರು ದಾಟಿ ಪೂರ್ವಕ್ಕೆ ಹೋದರೆ ಫ್ಲಿಂಟ್ ಹಿಲ್ಸ್ ಅನ್ನುವ ಹುಲ್ಲುಗಾವಲು ಶುರುವಾಗುತ್ತದೆ. ಸ್ವಲ್ಪ ಅಗೆದರೆ ಕಲ್ಲು. ಹಾಗಾಗಿ ಅಲ್ಲಿ ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. ಒಂದು ಕಾಲಕ್ಕೆ ನಡು ಅಮೆರಿಕದ ಉದ್ದಗಲಕ್ಕೂ ಇದ್ದ ಎತ್ತರದ ಹುಲ್ಲು ಈಗ ಜಾಸ್ತಿ ಉಳಿದಿರುವುದು ಇಲ್ಲೇ.

2006ರಲ್ಲಿ ಶುರುವಾಗಿ ಅನೇಕ ವರ್ಷ ಕ್ಯಾನ್ಸಸ್ ಸಿಟಿ ಸಿಂಫನಿಯವರು ಈ ಬಯಲಿನ ನಡುವೆಯೇ ವೇದಿಕೆ ಹಾಕಿ ಸಂಜೆ ಕಛೇರಿ ನಡೆಸುತ್ತಿದ್ದರು. ನಾನೂ ಹೋಗಿದ್ದೆ. ಆರ್ಕೆಸ್ಟ್ರಾ ನುಡಿಯುತ್ತಿರುವಾಗಲೇ ದೂರದ ದಿಬ್ಬದ ಮೇಲೆ ಸವಾರರು ದನದ ಮಂದೆ ಹೊಡೆದುಕೊಂಡು ಹೋದರು. ಕೊನೆಗೆ 'ಹೋಮ್ ಆನ್ ದ ರೇಂಜ್' ಹಾಡನ್ನು ಎಲ್ಲರೂ ಸೇರಿ ಹಾಡಿದರು. ಅದು ಕ್ಯಾನ್ಸಸ್‌ನ ರಾಜ್ಯಗೀತೆ. 1870ರ ದಶಕದಲ್ಲಿ ಇಲ್ಲಿನ ಸ್ಮಿತ್ ಕೌಂಟಿಯ ಒಬ್ಬ ಡಾಕ್ಟರು ಅದರ ಸಾಹಿತ್ಯ ಬರೆದರು.

ನನ್ನ ಪ್ರಶ್ನೆ ಇಷ್ಟೇ. ಪಶ್ಚಿಮದ ಕಡೆ ವಲಸೆ ಹೋದ ಜನ, ದನಗಾಹಿಗಳು, ಹೊಸ ಮನೆ ಕಟ್ಟಿಕೊಂಡ ದಂಪತಿಗಳು, ಇವರ ಬದುಕನ್ನು ಕೇಳಿಸುವ ಆರ್ಕೆಸ್ಟ್ರಾ ಕೃತಿಗಳು ಯಾವುವು? ಬಂದೂಕು, ಗುಂಡಿನ ಕಾಳಗಕ್ಕಿಂತ ದಿನನಿತ್ಯದ ಬದುಕು ನನಗೆ ಬೇಕು. ನಾನು ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೇನೆ. ಪಾಶ್ಚಾತ್ಯ ಸಂಗೀತ ಹೊಸದು.

ಹಳೇರೆಕಾರ್ಡು

ಸಂಜೆಮಲ್ಲಿಗೆ ಅವರೇ, ಕೋಪ್ಲಂಡ್‌ನಿಂದ ಶುರು ಮಾಡಿ. ಬೇರೆ ದಾರಿ ಇಲ್ಲ. ಆರನ್ ಕೋಪ್ಲಂಡ್ 1900ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ಅಪ್ಪ ಅಮ್ಮ ರಷ್ಯನ್ ಸಾಮ್ರಾಜ್ಯದಿಂದ ಬಂದ ಯಹೂದಿಗಳು, ಅಂಗಡಿ ಇಟ್ಟುಕೊಂಡಿದ್ದರು. ಹುಡುಗ ಪ್ಯಾರಿಸ್‌ಗೆ ಹೋಗಿ ನಾಡಿಯಾ ಬೂಲಾಂಜೆ ಅನ್ನುವ ಸಂಗೀತ ಗುರುವಿನ ಬಳಿ ಕಲಿತ. ಕುದುರೆ, ದನದ ಮಂದೆ ಇವೆಲ್ಲ ಅವನ ಬದುಕಿನಲ್ಲಿ ಇರಲೇ ಇಲ್ಲ. ಆದರೂ ಇವತ್ತು ಪ್ರಪಂಚದ ಯಾವ ಮೂಲೆಯಲ್ಲಿ 'ಅಮೆರಿಕದ ಬಯಲು' ಅಂದರೂ ಕಿವಿಗೆ ಬರುವುದು ಅವನು ಕಟ್ಟಿದ ಧ್ವನಿಯೇ.

ಮೊದಲು 'ಬಿಲಿ ದ ಕಿಡ್' ಕೇಳಿ. 1938ರ ಬ್ಯಾಲೆ, ಆ ಹೆಸರಿನ ಒಬ್ಬ ಬಂದೂಕುಧಾರಿ ದರೋಡೆಕೋರನ ಕಥೆ. ಲಿಂಕನ್ ಕರ್ಸ್ಟೈನ್ ತನ್ನ ನೃತ್ಯ ತಂಡಕ್ಕಾಗಿ ಬರೆಸಿದ. ಕೌಬಾಯ್ ಹಾಡುಗಳ ಪುಸ್ತಕಗಳನ್ನೂ ಅವನೇ ಕೋಪ್ಲಂಡ್ ಕೈಗೆ ಕೊಟ್ಟ. ಆ ಪುಸ್ತಕ ಹಿಡಿದುಕೊಂಡು ಕೋಪ್ಲಂಡ್ ಬರೆಯಲು ಕೂತದ್ದು ಪ್ಯಾರಿಸ್‌ನ ಒಂದು ಕೋಣೆಯಲ್ಲಿ!

ಅದರ ಮೊದಲ ಭಾಗದ ಹೆಸರು 'ಬಯಲು ಹುಲ್ಲುಗಾವಲು' ಅಂತ. ಓಬೋ, ಕ್ಲಾರಿನೆಟ್ ಮೆಲ್ಲಗೆ ಶುರು ಮಾಡುತ್ತವೆ. ಕೆಳಗೆ ಪಿಯಾನೋ ಮತ್ತು ಮಂದ್ರದ ತಂತಿಗಳು ಕಾಲೆಳೆದುಕೊಂಡು ನಡೆಯುತ್ತವೆ. ಒಂದೊಂದೇ ವಾದ್ಯ ಸೇರುತ್ತಾ ಹೋಗಿ ಇಡೀ ಆರ್ಕೆಸ್ಟ್ರಾ ಎದ್ದು ನಿಲ್ಲುತ್ತದೆ. ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಜನರ ಸಾಲು ಅದು. ಖುಷಿಯ ಮೆರವಣಿಗೆ ಅಲ್ಲ. ಒಂದೊಂದು ಹೆಜ್ಜೆಗೂ ಭಾರ ಇದೆ. ನಿಮಗೆ ಗುಂಡಿನ ಕಾಳಗ ಬೇಡ ಅಂದಿರಿ, ಇದರಲ್ಲಿ ಒಂದು ಇದೆ. ಬಾಸ್ ಡ್ರಮ್ ಏಟು ಎದೆಗೇ ಬೀಳುತ್ತದೆ. ಆದರೆ ಅದಕ್ಕೂ ಮುಂಚೆ ಬರುವ ಬೀದಿಯ ದೃಶ್ಯದಲ್ಲಿ ನೀವು ಕೇಳಿದ ದಿನನಿತ್ಯದ ಬದುಕು ಪೂರ್ತಿ ಸಿಗುತ್ತದೆ. ಸವಾರರು, ಹೆಂಗಸರು, ಐದು ಮಾತ್ರೆಯ ಲೆಕ್ಕದಲ್ಲಿ ಕುಣಿಯುವ ಮೆಕ್ಸಿಕನ್ ಹುಡುಗಿಯರು, ಎಲ್ಲ.

ಹೊಸಕೇಳುಗ

ರೆಕಾರ್ಡು ಸರ್, ನೀವು ಹೇಳಿದ ಮೇಲೆ ಈಗಷ್ಟೇ ಆ ಮೊದಲ ಭಾಗ ಕೇಳಿದೆ. ಯಾರೂ ಹೇಳದೆ ಇದ್ದರೂ 'ಇದು ದೊಡ್ಡ ಬಯಲು' ಅನ್ನಿಸುತ್ತಿತ್ತು. ಯಾಕೆ ಹಾಗನ್ನಿಸುತ್ತದೆ? ಸುಮ್ನೆ ಸಿನಿಮಾ ನೋಡಿ ಅಭ್ಯಾಸವೋ, ಇಲ್ಲಾ ಸ್ವರಗಳಲ್ಲೇ ಏನಾದರೂ ಇದೆಯೋ?

ಪಿಟೀಲುಮೇಷ್ಟ್ರು

ಎರಡೂ ಇವೆ. ಸ್ವರದ ಮಾತು ನಾನು ಹೇಳುತ್ತೇನೆ. ಮೈಸೂರಿನಲ್ಲಿ ಕರ್ನಾಟಕ ಪಿಟೀಲು ಪಾಠ ಹೇಳುತ್ತೇನೆ, ಕೋಪ್ಲಂಡ್ ನನ್ನ ಹಳೆಯ ಹುಚ್ಚು.

ತಂಬೂರಿಯಲ್ಲಿ ಸ ಮತ್ತು ಪ ಇವೆ, ಗ ಇಲ್ಲ, ಅಲ್ವಾ? ಗಾಂಧಾರ ಬಂದ ಕೂಡಲೇ ಬಣ್ಣ ಬರುತ್ತದೆ. ಅಂತರ ಗಾಂಧಾರವಾದರೆ ಒಂದು ಭಾವ, ಸಾಧಾರಣ ಗಾಂಧಾರವಾದರೆ ಇನ್ನೊಂದು. ಪಾಶ್ಚಾತ್ಯ ಸಂಗೀತದಲ್ಲೂ ಅಷ್ಟೇ, ಮೇಜರ್ ಮೈನರ್ ಅಂತ ತೀರ್ಮಾನ ಮಾಡುವುದು ಗಾಂಧಾರವೇ. ಕೋಪ್ಲಂಡ್ ಅದನ್ನು ತೆಗೆದುಬಿಟ್ಟ. ಬರೀ ಸ-ಪ ಜೋಡಿಗಳು ಒಟ್ಟೊಟ್ಟಿಗೆ ಸರಿಯುತ್ತವೆ. ಸಂತೋಷವೂ ಅಲ್ಲ, ದುಃಖವೂ ಅಲ್ಲ. ಕೇಳುವವನು ತನ್ನ ಭಾವವನ್ನು ಅದರಲ್ಲಿ ತುಂಬಿಕೊಳ್ಳಬೇಕು.

ಎರಡನೆಯದು ಸ್ಥಾಯಿಗಳ ನಡುವಿನ ಅಂತರ. ಕೆಳಗೆ ಮಂದ್ರದಲ್ಲಿ ಒಂದು ಸ್ವರ, ಮೇಲೆ ತಾರದಲ್ಲಿ ಒಂದು ಎಳೆ, ನಡುವೆ ಏನೂ ಇಲ್ಲ. ಜರ್ಮನಿಯ ಬ್ರಾಮ್ಸ್‌ನಂಥ ಹಳೆಯ ಸಂಯೋಜಕರು ಆ ನಡುವಿನ ಜಾಗವನ್ನು ಹಾರ್ನ್, ವಿಯೋಲಾ, ಚೆಲ್ಲೋ ಹಾಕಿ ತುಂಬಿಸುತ್ತಾರೆ. ಕೋಪ್ಲಂಡ್ ಬಿಟ್ಟುಬಿಡುತ್ತಾನೆ. ಕಿವಿ ಆ ಖಾಲಿಯನ್ನು ಜಾಗ ಅಂತ ಕೇಳಿಸಿಕೊಳ್ಳುತ್ತದೆ.

ಮೂರನೆಯದು ನಿಧಾನ. ಶ್ರುತಿಯ ನೆಲೆ ಬೇಗ ಬೇಗ ಬದಲಾಗುವುದಿಲ್ಲ. ಒಂದೇ ಆಧಾರದ ಮೇಲೆ ತುಂಬ ಹೊತ್ತು ನಿಲ್ಲುತ್ತದೆ. ನಮಗೆ ಇದು ಹೊಸದಲ್ಲ. ಕರ್ನಾಟಕ ಸಂಗೀತ ಕೇಳಿದವರಿಗೆ ಕೋಪ್ಲಂಡ್ ಬೇಗ ಹಿಡಿಸುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ.

ಇತಿಹಾಸಪ್ರೇಮಿ

ಪಿಟೀಲು ಮೇಷ್ಟ್ರು ಚೆನ್ನಾಗಿ ಬಿಡಿಸಿ ಹೇಳಿದರು. ಆದರೆ ಆ 'ಖಾಲಿ' ಅನ್ನುವ ಮಾತಿನ ಹತ್ತಿರವೇ ನನಗೆ ಮುಳ್ಳು ಚುಚ್ಚುತ್ತದೆ. ಸಂಗೀತ ಖಾಲಿ ಬಯಲನ್ನು ತೋರಿಸುತ್ತದೆ. ನಿಜವಾದ ಬಯಲು ಖಾಲಿ ಇರಲಿಲ್ಲ. ಸಂಜೆಮಲ್ಲಿಗೆ ಅವರು ಇರುವ ರಾಜ್ಯದ ಹೆಸರೇ ಅಲ್ಲಿದ್ದ ಕಾನ್ಸಾ ಜನರದ್ದು. ಓಸೇಜ್, ಪಾನಿ, ಕೊಮಾಂಚಿ, ಇನ್ನೂ ಎಷ್ಟೋ ಜನಾಂಗಗಳು ಆ ಹುಲ್ಲುಗಾವಲಿನಲ್ಲಿ ತಲೆಮಾರುಗಳಿಂದ ಬದುಕಿದ್ದವು. 1830ರಲ್ಲಿ ಪೂರ್ವದ ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಪಶ್ಚಿಮಕ್ಕೆ ಎಬ್ಬಿಸುವ ಕಾನೂನು ಬಂತು. 1862ರ ಹೋಮ್‌ಸ್ಟೆಡ್ ಕಾಯ್ದೆ ವಲಸಿಗರಿಗೆ 160 ಎಕರೆ ಕೊಟ್ಟಿತು. ಆ ಎಕರೆಗಳು ಯಾರ ಕೈಯಿಂದ ಬಂದವು ಅನ್ನುವುದನ್ನು ಈ ಸಂಗೀತ ಹೇಳುವುದಿಲ್ಲ.

ಇನ್ನೊಂದು ವಿಷಯ, ಇಸವಿಗಳನ್ನು ನೋಡಿ. 1890ರ ಜನಗಣತಿಯಲ್ಲೇ ಸರ್ಕಾರ ಇನ್ನು ಫ್ರಾಂಟಿಯರ್, ಅಂದರೆ ವಲಸಿಗರ ನೆಲೆ ಮುಗಿಯುವ ಅಂಚು, ಅನ್ನುವ ಗೆರೆ ಉಳಿದಿಲ್ಲ ಅಂತ ಹೇಳಿಬಿಟ್ಟಿತು. ಅದೇ ವರ್ಷ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದ ವೂಂಡೆಡ್ ನೀಯಲ್ಲಿ ಲಕೋಟಾ ಮೂಲನಿವಾಸಿಗಳ ಮಾರಣಹೋಮ ಆಯಿತು. ಬಿಲಿ ದ ಕಿಡ್ ಸತ್ತದ್ದು 1881ರಲ್ಲಿ. ಅವನ ಬ್ಯಾಲೆ ಬಂದದ್ದು 57 ವರ್ಷದ ನಂತರ. ಅಂದರೆ ನಾವು ಕೇಳುತ್ತಿರುವುದು ಆ ಬದುಕನ್ನಲ್ಲ. ಅದು ಮುಗಿದುಹೋದ ಮೇಲೆ ದೊಡ್ಡ ನಗರದ ಜನ ಅದನ್ನು ಹೇಗೆ ನೆನಪಿಸಿಕೊಳ್ಳಲು ಇಷ್ಟಪಟ್ಟರು ಅನ್ನುವುದನ್ನು.

ಅಯೊವಾಅಣ್ಣ

ಇತಿಹಾಸಪ್ರೇಮಿ ಅವರು 1890 ಅಂದಿದ್ದಕ್ಕೆ ಒಂದು ಸ್ವಾರಸ್ಯ ಸೇರಿಸುತ್ತೇನೆ. 1893ರ ಜುಲೈನಲ್ಲಿ ಶಿಕಾಗೋದ ವಿಶ್ವ ಮೇಳದ ಹೊತ್ತಿನಲ್ಲಿ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ತನ್ನ ಹೆಸರಾಂತ ಪ್ರಬಂಧ ಓದಿದ: ಅಮೆರಿಕವನ್ನು ರೂಪಿಸಿದ್ದೇ ಫ್ರಾಂಟಿಯರ್, ಅದು ಈಗ ಮುಗಿಯಿತು ಅಂತ. ಅದೇ ಬೇಸಿಗೆಯಲ್ಲಿ, ಆಗಸ್ಟ್ 12ರಂದು, ಅದೇ ಮೇಳಕ್ಕೆ ಜೆಕ್ ಸಂಗೀತಗಾರ ಆಂಟೊನಿನ್ ಡ್ವೊರ್ಜಾಕ್ ಬಂದು ತನ್ನ ಎಂಟನೇ ಸಿಂಫನಿ ನಡೆಸಿದ. ಅವನು ಬಂದದ್ದು ನಾನಿರುವ ಅಯೊವಾ ರಾಜ್ಯದಿಂದ.

ಇಲ್ಲಿ ಸ್ಪಿಲ್‌ವಿಲ್ ಅಂತ ಪುಟ್ಟ ಊರಿದೆ. ಬೊಹೀಮಿಯಾದಿಂದ ಬಂದ ಜೆಕ್ ರೈತರು ಕಟ್ಟಿದ ಊರು. ಡ್ವೊರ್ಜಾಕ್ ಆಗ ನ್ಯೂಯಾರ್ಕಿನಲ್ಲಿ ಸಂಗೀತ ಶಾಲೆಯ ಮುಖ್ಯಸ್ಥ. ರಜಕ್ಕೆ ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಇಲ್ಲಿಗೆ ಬಂದ. ಅವನಿದ್ದ ಕಟ್ಟಡ ಈಗಲೂ ಇದೆ. ಕೆಳಗಡೆ ಮರದಲ್ಲಿ ಕೆತ್ತಿದ ದೊಡ್ಡ ದೊಡ್ಡ ಗಡಿಯಾರಗಳ ಸಂಗ್ರಹ ಇಟ್ಟಿದ್ದಾರೆ. ಬೆಳಿಗ್ಗೆ ಟರ್ಕಿ ನದಿಯ ದಡದಲ್ಲಿ ತಿರುಗಾಡಿ, ಸೇಂಟ್ ವೆನ್ಸೆಸ್ಲಾಸ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದನಂತೆ. ಬಂದ ಕೆಲವೇ ದಿನಕ್ಕೆ 'ಅಮೆರಿಕನ್' ಅನ್ನುವ ನಾಲ್ಕು ವಾದ್ಯಗಳ ಕೃತಿ ಬರೆದು ಮುಗಿಸಿದ. ಅದು ಆರ್ಕೆಸ್ಟ್ರಾ ಅಲ್ಲ, ಆದರೂ ಕೇಳಿ. ವಿಯೋಲಾ ಶುರು ಮಾಡುವ ರಾಗ ನಿಮ್ಮ ಮೋಹನವೇ.

ಹುಲ್ಲುಗಾವಲು ಅವನಿಗೆ ಬರೀ ಚೆಂದವಾಗಿ ಕಾಣಲಿಲ್ಲ. ಊರಿಗೆ ಬರೆದ ಪತ್ರದಲ್ಲಿ ಇಲ್ಲಿ ಜನ ಕಮ್ಮಿ, ಖಾಲಿ ಜಾಗ ಜಾಸ್ತಿ, ಒಮ್ಮೊಮ್ಮೆ ಹತಾಶೆ ಆಗುವಷ್ಟು ಬೇಸರ ಅಂತ ಹೇಳಿಕೊಂಡ. ಇಲ್ಲಿನ ಚಳಿಗಾಲದಲ್ಲಿ ಹೆದ್ದಾರಿಯ ಎರಡೂ ಕಡೆ ಏನೂ ಕಾಣದ ಮೈಲಿಗಟ್ಟಲೆ ದಾರಿಯಲ್ಲಿ ಹೋಗಿರುವ ನನಗೆ ಆ ಮಾತು ತುಂಬ ಹತ್ತಿರದ್ದು.

ಅವನ 'ನ್ಯೂ ವರ್ಲ್ಡ್' ಸಿಂಫನಿ ಸ್ಪಿಲ್‌ವಿಲ್‌ಗೆ ಬರುವ ಮುಂಚೆಯೇ, 1893ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮುಗಿದಿತ್ತು. ಡಿಸೆಂಬರ್ 16ರಂದು ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ಬಾರಿಸಿದರು. ಹಾಗಾಗಿ ಅದರಲ್ಲಿರುವ ಪ್ರೇರಿ, ಅಂದರೆ ಹುಲ್ಲುಗಾವಲು, ಅವನು ಕಣ್ಣಾರೆ ಕಂಡದ್ದಲ್ಲ, ಅಮೆರಿಕದ ಕವಿ ಲಾಂಗ್‌ಫೆಲೊ ಪದ್ಯದಲ್ಲಿ ಓದಿದ್ದು.

ಸಂಜೆಮಲ್ಲಿಗೆ

ಅಣ್ಣ, 'ನ್ಯೂ ವರ್ಲ್ಡ್'ನ ಎರಡನೇ ಭಾಗ ಕೇಳಿದೆ. ಇಂಗ್ಲಿಷ್ ಹಾರ್ನ್ ಒಂದೇ ಹಾಡುತ್ತದಲ್ಲ, ಗ-ಪ-ಪ, ಗ-ರಿ-ಸ ಅಂತ. ನೇರವಾಗಿ ಮೋಹನ! ನಾನು ಜೊತೆಗೇ ಸ್ವರ ಹಾಕಿಕೊಂಡು ಹಾಡಿದೆ. ಇದು ಮೂಲನಿವಾಸಿಗಳ ಹಾಡೋ, ಕಪ್ಪು ಜನರ ಹಾಡೋ?

ಅಯೊವಾಅಣ್ಣ

ಯಾರ ಹಾಡೂ ಅಲ್ಲ, ಅವನದೇ. ಆದರೆ ಅವನ ಶಿಷ್ಯ ಹ್ಯಾರಿ ಬರ್ಲೀ ಅನ್ನುವ ಕಪ್ಪು ಗಾಯಕ ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು ಅವನಿಗೆ ಹಾಡಿ ಕೇಳಿಸುತ್ತಿದ್ದ. ಅದರ ನೆರಳು ಖಂಡಿತ ಇದೆ. 'ಗೋಯಿನ್ ಹೋಮ್' ಅನ್ನುವ ಸಾಹಿತ್ಯವನ್ನು ಇನ್ನೊಬ್ಬ ಶಿಷ್ಯ ವಿಲಿಯಂ ಆರ್ಮ್ಸ್ ಫಿಷರ್ 1922ರಲ್ಲಿ ಸೇರಿಸಿದ. ಅದು ಎಷ್ಟು ಹರಡಿತು ಅಂದರೆ ಈಗ ಜನ ಅದನ್ನೇ ಹಳೆಯ ಜನಪದ ಅಂದುಕೊಳ್ಳುತ್ತಾರೆ.

ಹಳೇರೆಕಾರ್ಡು

ಇತಿಹಾಸಪ್ರೇಮಿ ಅವರ ಮಾತಿಗೆ ಬರುತ್ತೇನೆ. 'ಮುಗಿದುಹೋದ ಮೇಲೆ ನಗರದವರು ಕಟ್ಟಿದ ನೆನಪು' ಅನ್ನುವುದು ಸರಿ. ಆದರೆ ಯಾಕೆ ಕಟ್ಟಿದರು ಅನ್ನುವುದನ್ನೂ ನೋಡಬೇಕಲ್ಲವೇ? 1930ರ ದಶಕ ಅಂದರೆ ಅಮೆರಿಕದಲ್ಲಿ ಕೆಲಸ ಇಲ್ಲ, ಬ್ಯಾಂಕುಗಳು ಮುಚ್ಚಿವೆ, ಬಯಲಿನಲ್ಲಿ ಧೂಳು ಬಿರುಗಾಳಿ. ಕೋಪ್ಲಂಡ್ ಆ ಹೊತ್ತಿಗೆ ಎಡಪಂಥದ ಕಡೆ ಒಲವಿದ್ದವನು. ಅದಕ್ಕೂ ಮುಂಚೆ ಅವನ ಸಂಗೀತ ಬಹಳ ಕಷ್ಟದ್ದು, ಪಂಡಿತರಿಗೆ ಮಾತ್ರ. ಸಾಮಾನ್ಯ ಜನ ರೇಡಿಯೋದಲ್ಲಿ ಕೇಳಿ ಅರ್ಥ ಮಾಡಿಕೊಳ್ಳುವಂತೆ ಬರೆಯಬೇಕು ಅಂತ ಅವನು ಆಗಲೇ ನಿರ್ಧಾರ ಮಾಡಿದ್ದು. ದನಗಾಹಿ, ರೈತ, ಕೂಲಿ, ಇವರನ್ನು ನಾಯಕರಾಗಿ ಮಾಡಬೇಕು ಅನ್ನುವ ಆಸೆ ಅದರ ಹಿಂದಿದೆ.

ಅದಕ್ಕೆ ಅವನು ಬೆಲೆಯನ್ನೂ ತೆತ್ತ. 1953ರ ಜನವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಪದಗ್ರಹಣದ ಕಛೇರಿಯಿಂದ ಅವನ 'ಲಿಂಕನ್ ಪೋರ್ಟ್ರೇಟ್' ಕೃತಿಯನ್ನು ತೆಗೆದುಹಾಕಿದರು. ಮೇ ತಿಂಗಳಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿಯ ಸಮಿತಿ ಅವನನ್ನು ಕೂರಿಸಿಕೊಂಡು ವಿಚಾರಣೆ ಮಾಡಿತು. ಅಮೆರಿಕದ ಧ್ವನಿ ಅಂತ ಎಲ್ಲರೂ ಒಪ್ಪಿದ ಧ್ವನಿಯನ್ನು ಕಟ್ಟಿದವನನ್ನೇ ಅಮೆರಿಕದ ವಿರೋಧಿ ಅಂದರು. ಇದನ್ನು ಮರೆತು ಅವನ ಬಯಲನ್ನು ಬರೀ ಸರ್ಕಾರಿ ಕನಸು ಅನ್ನುವುದು ಅನ್ಯಾಯ.

ಇತಿಹಾಸಪ್ರೇಮಿ

ರೆಕಾರ್ಡು ಸರ್, ಕೋಪ್ಲಂಡ್‌ನ ಉದ್ದೇಶದ ಬಗ್ಗೆ ನನಗೆ ಜಗಳ ಇಲ್ಲ. ನನ್ನ ಮಾತು ಕೇಳುವವರ ಬಗ್ಗೆ. ಸಂಗೀತದಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಕೇಳಿಕೊಂಡು ಕೇಳೋಣ. ಉದಾಹರಣೆಗೆ ಕೌಬಾಯ್ ಅಂದ ತಕ್ಷಣ ಬಿಳಿಯ ಗಂಡಸು ಕಣ್ಣಿಗೆ ಬರುತ್ತಾನೆ. ಟೆಕ್ಸಸ್‌ನಿಂದ ಕ್ಯಾನ್ಸಸ್‌ಗೆ ಚಿಜಮ್ ದಾರಿಯಲ್ಲಿ ದನ ಹೊಡೆದವರಲ್ಲಿ ಕಪ್ಪು ಜನ, ಮೆಕ್ಸಿಕನ್ನರು ಬಹಳ ಮಂದಿ ಇದ್ದರು. ಆ ದಾರಿ ವಿಚಿಟಾ ಮೂಲಕವೇ ಹೋಗುತ್ತಿತ್ತು. ಜಾನ್ ಲೋಮ್ಯಾಕ್ಸ್ 1910ರಲ್ಲಿ ಕೌಬಾಯ್ ಹಾಡುಗಳ ಸಂಗ್ರಹ ತಂದ. ಅದರಲ್ಲಿರುವ 'ಹೋಮ್ ಆನ್ ದ ರೇಂಜ್' ಧಾಟಿಯನ್ನು ಅವನು ಬರೆದುಕೊಂಡದ್ದು ಸ್ಯಾನ್ ಆಂಟೋನಿಯೊದ ಒಬ್ಬ ಕಪ್ಪು ಹೆಂಡದಂಗಡಿ ಮಾಲೀಕನಿಂದ. ಹುಲ್ಲುಗಾವಲಿನಲ್ಲಿ ನೀವೆಲ್ಲ ಒಟ್ಟಿಗೆ ಹಾಡಿದ ಹಾಡು ಪ್ರಪಂಚಕ್ಕೆ ಮುಟ್ಟಿದ್ದು ಹಾಗೆ.

ಪಿಟೀಲುಮೇಷ್ಟ್ರು

ಯಾರಿದ್ದಾರೆ ಅಂತ ಕೇಳಿದಿರಲ್ಲ, ಒಬ್ಬರ ಕಥೆ ಹೇಳುತ್ತೇನೆ. ಇದಕ್ಕಾಗಿಯೇ ನಾನು ಈ ಚರ್ಚೆಗೆ ಬಂದದ್ದು.

ಕೋಪ್ಲಂಡ್‌ನ 'ರೋಡಿಯೊ' ಬ್ಯಾಲೆ 1942ರ ಅಕ್ಟೋಬರ್ 16ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ರಂಗಕ್ಕೆ ಬಂತು. ಅದರ ಕೊನೆಯ ಭಾಗ 'ಹೋ-ಡೌನ್'. ಶನಿವಾರದ ರಾತ್ರಿ ಕೊಟ್ಟಿಗೆಯಲ್ಲಿ ಕುಣಿಯುವ ಕುಣಿತ. ಅಮೆರಿಕದ ಟೀವಿಯಲ್ಲಿ ದನದ ಮಾಂಸದ ಜಾಹೀರಾತಿಗೂ ಇದೇ ಸಂಗೀತ ಹಾಕಿದ್ದರು, ಹಾಗಾಗಿ ಅಲ್ಲಿರುವವರು ಕೇಳಿಯೇ ಇರುತ್ತೀರಿ.

ಶುರುವಿನ ಗಲಾಟೆಯಲ್ಲೇ ಪಿಟೀಲಿನವರು ಬಿಡಿ ತಂತಿ ಎಳೆದು ಶ್ರುತಿ ನೋಡುವ ಸದ್ದು ಇದೆ. ಆಮೇಲೆ ಪಿಯಾನೋ, ವುಡ್‌ಬ್ಲಾಕ್ ತಾಳ ಹಿಡಿಯುತ್ತವೆ. ಆಮೇಲೆ ಎಲ್ಲ ಪಿಟೀಲುಗಳೂ ಒಟ್ಟಿಗೆ ಹಾರಿ ಬೀಳುತ್ತವೆ. ಆ ಧಾಟಿಯ ಹೆಸರು 'ಬೊನಪಾರ್ಟ್ಸ್ ರಿಟ್ರೀಟ್'. ಹೆಸರಿಗೆ ತಕ್ಕಂತೆ ಹಿಂದೆ ಸರಿಯುವ ಸೈನ್ಯದ ನಡೆ, ಸಾಮಾನ್ಯವಾಗಿ ಜನ ಅದನ್ನು ನಿಧಾನವಾಗಿ ನುಡಿಸುತ್ತಿದ್ದರು. ಕೆಂಟಕಿಯ ಸೇಲಿಯರ್ಸ್‌ವಿಲ್ ಕಡೆಯ ವಿಲಿಯಂ ಸ್ಟೆಪ್ ಅನ್ನುವ ಹಳ್ಳಿಯ ಪಿಟೀಲುಗಾರ ಅದನ್ನು ದುಡುಕಿನ ಕಾಲದಲ್ಲಿ ಓಡಿಸಿದ. 1937ರಲ್ಲಿ ಜಾನ್ ಲೋಮ್ಯಾಕ್ಸ್ ಮಗ ಆಲನ್ ಲೋಮ್ಯಾಕ್ಸ್ ಹಳ್ಳಿಗಳನ್ನು ಸುತ್ತುತ್ತಾ ಅಲ್ಲಿಗೆ ಹೋಗಿ, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಡಿಸ್ಕ್ ಮೇಲೆ ಅದನ್ನು ಮುದ್ರಿಸಿಕೊಂಡ. ರುತ್ ಕ್ರಾಫರ್ಡ್ ಸೀಗರ್, ಆಕೆಯೂ ದೊಡ್ಡ ಸಂಯೋಜಕಿ, ಆ ಡಿಸ್ಕನ್ನು ಮತ್ತೆ ಮತ್ತೆ ಕೇಳಿ ಒಂದೊಂದು ಬಿಲ್ಲಿನ ಎಳೆತವನ್ನೂ ಬರೆದಿಟ್ಟಳು. 1941ರಲ್ಲಿ ಅದು ಲೋಮ್ಯಾಕ್ಸ್‌ಗಳ ಪುಸ್ತಕದಲ್ಲಿ ಅಚ್ಚಾಯಿತು. ಕೋಪ್ಲಂಡ್ ಆ ಪುಟದಿಂದ ಹೆಚ್ಚುಕಮ್ಮಿ ಇದ್ದದ್ದನ್ನು ಇದ್ದ ಹಾಗೇ ಎತ್ತಿಕೊಂಡ.

ಸ್ಟೆಪ್ ರೆಕಾರ್ಡಿಂಗ್ ಈಗಲೂ ಕೇಳಲು ಸಿಗುತ್ತದೆ. ದಯವಿಟ್ಟು ಕೇಳಿ. ಪಿಟೀಲಿನ ದಪ್ಪ ತಂತಿಯನ್ನು ಸಡಿಲಿಸಿ ಡಿ ಸ್ವರಕ್ಕೆ ಇಳಿಸಿಕೊಂಡು ನುಡಿಸುವ ಪದ್ಧತಿ ಈ ಧಾಟಿಗೆ. ಹಾಗೆ ಮಾಡಿದರೆ ಬಿಲ್ಲು ಎಲ್ಲಿ ಬಿದ್ದರೂ ಆಧಾರ ಸ್ವರ ಜೊತೆಗೇ ಮೊಳಗುತ್ತದೆ. ನಾವು ಸ-ಪ-ಸ-ಪ ಅಂತ ಶ್ರುತಿ ಮಾಡಿಕೊಳ್ಳುವುದೂ ಇದೇ ಕಾರಣಕ್ಕೆ. ಆರ್ಕೆಸ್ಟ್ರಾದವರು ತಂತಿ ಬದಲಿಸುವುದಿಲ್ಲ. ಅದಕ್ಕೇ ಕೋಪ್ಲಂಡ್‌ನಲ್ಲಿ ಧಾಟಿ ಸಿಗುತ್ತದೆ, ಆ ಮೊಳಗು ಸಿಗುವುದಿಲ್ಲ. ಸ್ಟೆಪ್ 1957ರಲ್ಲಿ ತೀರಿಕೊಂಡ. ಕೆಂಟಕಿ ಗುಡ್ಡದ ನಾಡು, ಪ್ರೇರಿ ಅಲ್ಲ. ಅಲ್ಲಿನ ಒಬ್ಬ ಮನುಷ್ಯನ ಮಣಿಕಟ್ಟಿನ ಚಲನೆ ಪುಸ್ತಕದ ಮೂಲಕ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನ ಕೈಗೆ ಹೋಗಿ, ಅಲ್ಲಿಂದ ಇಡೀ ಅಮೆರಿಕದ ಪಶ್ಚಿಮ ಆಯಿತು. ಕಛೇರಿಯ ಪಟ್ಟಿಯಲ್ಲಿ ಅವನ ಹೆಸರು ಹಾಕಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹೊಸಕೇಳುಗ

ಎರಡನ್ನೂ ಒಂದಾದ ಮೇಲೆ ಒಂದು ಹಾಕಿ ಕೇಳಿದೆ ಮೇಷ್ಟ್ರೇ. ಸ್ಟೆಪ್ ಒಬ್ಬನೇ ಇದ್ದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ!

ರಾಮನಗರಹುಡುಗ

ನಮಸ್ಕಾರ. ನಾನು ಸಿನಿಮಾ ಸಂಗೀತದ ಕಡೆಯಿಂದ ಬಂದವನು. ಕೋಪ್ಲಂಡ್ ಧ್ವನಿ ಹಾಲಿವುಡ್‌ಗೆ ಹೇಗೆ ಬಂತು ಅಂತ ನಾಲ್ಕು ಮಾತು.

'ದ ಬಿಗ್ ಕಂಟ್ರಿ' 1958ರದ್ದು. ಸಂಗೀತ ಜೆರೋಮ್ ಮೊರೋಸ್, ಅವನೂ ಬ್ರೂಕ್ಲಿನ್ ಹುಡುಗನೇ. 1936ರಲ್ಲಿ ಪಶ್ಚಿಮಕ್ಕೆ ಹೋಗುವಾಗ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಹೊರಗಿನ ಬಯಲಿನಲ್ಲಿ ನಡೆದಾಡಿದ್ದ. ಆ ಅನುಭವವೇ ಇಪ್ಪತ್ತು ವರ್ಷ ಕಳೆದ ಮೇಲೆ ಈ ಸಂಗೀತವಾಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಪಿಟೀಲುಗಳ ಸುತ್ತು, ಅದರ ಮೇಲೆ ಹಿತ್ತಾಳೆ ವಾದ್ಯಗಳ ದೊಡ್ಡ ಧಾಟಿ. 1960ರ 'ದ ಮ್ಯಾಗ್ನಿಫಿಸೆಂಟ್ ಸೆವೆನ್' ಎಲ್ಮರ್ ಬರ್ನ್‌ಸ್ಟೈನ್‌ನದು. ಚಿಕ್ಕವನಿದ್ದಾಗ ಅವನನ್ನು ಅವನ ಪಿಯಾನೋ ಟೀಚರ್ ಕೋಪ್ಲಂಡ್ ಹತ್ತಿರ ಕರೆದುಕೊಂಡು ಹೋಗಿದ್ದರು, ಕೋಪ್ಲಂಡ್ ಬೆನ್ನು ತಟ್ಟಿದ್ದ. ಡಿಮಿಟ್ರಿ ಟಿಯೋಂಕಿನ್ ಹುಟ್ಟಿದ್ದು ಈಗಿನ ಉಕ್ರೇನ್‌ನಲ್ಲಿ, ಕಲಿತದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 'ಹೈ ನೂನ್'ಗೆ ಆಸ್ಕರ್ ಪಡೆದ. ಅವನಿಗೆ ಹುಲ್ಲುಗಾವಲು ಹೊಸದಾಗಿರಲಿಲ್ಲ, ಸ್ಟೆಪ್ಪೀ ಬಯಲಿನ ಕಡೆಯವನು.

ಇಟಲಿಯ ಎನ್ನಿಯೊ ಮೊರಿಕೋನೆ ಬಂದು ಈ ಕಟ್ಟಡವನ್ನೇ ಒಡೆದ. 1966ರ 'ದ ಗುಡ್, ದ ಬ್ಯಾಡ್ ಆಂಡ್ ದ ಅಗ್ಲಿ'ಯಲ್ಲಿ ಶಿಳ್ಳೆ, ಎಲೆಕ್ಟ್ರಿಕ್ ಗಿಟಾರ್, ಕಯೋಟಿ ಅನ್ನುವ ತೋಳದ ಜಾತಿಯ ಪ್ರಾಣಿ ಊಳಿಡುವಂಥ ಕೂಗು. ಸಿನಿಮಾದ ಮರುಭೂಮಿ ಸ್ಪೇನ್‌ನದು.

ಇನ್ನು ನಮ್ಮೂರು. 'ಮ್ಯಾಗ್ನಿಫಿಸೆಂಟ್ ಸೆವೆನ್' ಜಪಾನಿನ ಕುರೊಸಾವ ಸಿನಿಮಾದ ಮರುರೂಪ. ಅದರ ಮತ್ತು ಇಟಲಿಯ ಸಿನಿಮಾಗಳ ಗಾಳಿ ತಾಗಿ 1975ರಲ್ಲಿ 'ಶೋಲೆ' ಬಂತು. ಅದನ್ನು ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಶೀರ್ಷಿಕೆ ಬರುವಾಗ ಆರ್.ಡಿ. ಬರ್ಮನ್ ಗಿಟಾರ್ ಹಿಡಿದು, ಹಿಂದೆ ಹಾರ್ನ್ ನುಡಿಸಿ, ಕುದುರೆ ಮೇಲೆ ಹೋಗುವವರ ಜೊತೆ ನಮ್ಮನ್ನು ಕರೆದುಕೊಂಡು ಹೋಗುತ್ತಾನೆ. ಬಸಂತಿಯ ಟಾಂಗಾ ಓಡುವಾಗ ಮಾತ್ರ ಹಾಲಿವುಡ್ ಬಿಟ್ಟು ತಬಲಾ ಹಿಡಿದ. ಆ ನಿರ್ಧಾರ ನನಗೆ ಎಲ್ಲಕ್ಕಿಂತ ದೊಡ್ಡದು. ರಾಮದೇವರ ಬೆಟ್ಟದ ಕೆಳಗೆ ಬೆಳೆದ ನಮಗೆ ಆ ಬಂಡೆಗಳಿಗೂ ಆ ಸಂಗೀತಕ್ಕೂ ನಂಟು ಬಿಡಿಸಲಾಗದ್ದು.

ಹಳೇರೆಕಾರ್ಡು

ಚೆನ್ನಾಗಿ ಹೇಳಿದಿರಿ. ಗ್ರೋಫೆಯ 'ಗ್ರ್ಯಾಂಡ್ ಕ್ಯಾನ್ಯನ್ ಸೂಟ್' ಹೆಸರೂ ಇರಲಿ, 1931ರದ್ದು. ಕತ್ತೆಯ ಗೊರಸಿನ ಸದ್ದಿಗೆ ತೆಂಗಿನ ಚಿಪ್ಪು ಬಡಿಯುತ್ತಾರೆ. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಅದಕ್ಕಿಂತ ಜಾಸ್ತಿ ಅದರಲ್ಲಿ ಹುಡುಕಬೇಡಿ.

ಬಿಳಿಗಿರಿಅಕ್ಕ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ದನ, ಕುದುರೆ, ಬಯಲು ಅನ್ನುತ್ತಿದ್ದೀರಿ. ಸಂಜೆಮಲ್ಲಿಗೆ ಕೇಳಿದ್ದು ಮನೆ ಕಟ್ಟಿಕೊಂಡವರ ಬದುಕು. ಅದಕ್ಕೆ ಉತ್ತರ ಕೋಪ್ಲಂಡ್‌ನದೇ ಬ್ಯಾಲೆ 'ಅಪಲೇಶಿಯನ್ ಸ್ಪ್ರಿಂಗ್'. ನಾನು ಭರತನಾಟ್ಯ ಕಲಿಸುವವಳು, ಇದರ ನೃತ್ಯ ಕಟ್ಟಿದ ಅಮೆರಿಕದ ನೃತ್ಯಗಾತಿ ಮಾರ್ಥಾ ಗ್ರಹಾಂ ಮೂಲಕ ಇದಕ್ಕೆ ಬಂದೆ.

1944ರ ಅಕ್ಟೋಬರ್ 30, ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್. ಅಲ್ಲಿನ ಸಭಾಂಗಣ ಚಿಕ್ಕದು, ಅದಕ್ಕೇ ಕೋಪ್ಲಂಡ್ 13 ವಾದ್ಯಗಳಿಗಷ್ಟೇ ಬರೆದ. ದೊಡ್ಡ ಆರ್ಕೆಸ್ಟ್ರಾ ರೂಪ ಆಮೇಲೆ ಬಂತು. ನಾನಾದರೆ 13ರದ್ದೇ ಮೊದಲು ಕೇಳಿ ಅನ್ನುತ್ತೇನೆ. ಒಂದೊಂದು ವಾದ್ಯವೂ ಒಬ್ಬ ಮನುಷ್ಯನಂತೆ ಬೇರೆ ಬೇರೆಯಾಗಿ ಕೇಳುತ್ತದೆ.

ಕಥೆ ದೊಡ್ಡದಲ್ಲ. ಪೆನ್ಸಿಲ್ವೇನಿಯಾದ ಬೆಟ್ಟದ ಸೀಮೆಯಲ್ಲಿ ಹೊಸ ಮನೆ. ಮದುವಣಗಿತ್ತಿ, ಅವಳ ರೈತ ಗಂಡ, ಒಬ್ಬ ಅನುಭವಸ್ಥ ಹೆಂಗಸು, ಒಬ್ಬ ಬೋಧಕ, ಅವನ ಹಿಂದೆ ನಾಲ್ಕು ಹುಡುಗಿಯರು. ಮದುವಣಗಿತ್ತಿಯ ಪಾತ್ರ ಗ್ರಹಾಂ ತಾನೇ ಮಾಡಿದಳು. ಅವಳ ಕುಣಿತದಲ್ಲಿ ಸಂತೋಷ ಇದೆ, ಜೊತೆಗೇ ಭಯವೂ ಇದೆ. ಸಂಗೀತ ಓಡುತ್ತಾ ಓಡುತ್ತಾ ತಟ್ಟನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಗುರುತಿಲ್ಲದ ಊರಿಗೆ ಸೊಸೆಯಾಗಿ ಹೋದ ಹುಡುಗಿಯ ಎದೆಬಡಿತ ಅಂತ ನನ್ನ ಶಿಷ್ಯೆಯರಿಗೆ ಹೇಳಿಕೊಡುತ್ತೇನೆ. ನಡುವೆ ಕ್ಲಾರಿನೆಟ್ ಶೇಕರ್ ಅನ್ನುವ ಕ್ರೈಸ್ತ ಪಂಥದ ಹಳೆಯ ಹಾಡೊಂದನ್ನು ಎತ್ತುತ್ತದೆ, 'ಸಿಂಪಲ್ ಗಿಫ್ಟ್ಸ್'. ಆಮೇಲೆ ಅದನ್ನೇ ಬೇರೆ ಬೇರೆ ಬಣ್ಣದಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಾನೆ.

ರಂಗಸಜ್ಜಿಕೆ ಶಿಲ್ಪಿ ಇಸಾಮು ನೊಗುಚಿಯದು. ಮನೆ ಅಂದರೆ ಬರೀ ಕೆಲವು ಮರದ ತುಂಡುಗಳು, ಒಂದು ಬೇಲಿಯ ಚೂರು, ಒಂದು ತೂಗುಕುರ್ಚಿ. ನೊಗುಚಿ ಅರ್ಧ ಜಪಾನಿ. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, ಅವನು ತಾನಾಗಿಯೇ ಅರಿಜೋನಾದ ಪೋಸ್ಟನ್ ಶಿಬಿರಕ್ಕೆ ಹೋಗಿ ಅಲ್ಲಿನವರ ಜೊತೆ ಇದ್ದ. ಆ ಮರುಭೂಮಿಯಿಂದ ಬಂದು ಅಮೆರಿಕದವರ ಮೊದಲ ಮನೆಯನ್ನು ಕಟ್ಟಿಕೊಟ್ಟ. ಇದನ್ನು ತಿಳಿದ ಮೇಲೆ ಆ ತೂಗುಕುರ್ಚಿಯನ್ನು ಮೊದಲಿನ ಹಾಗೆ ನೋಡಲು ನನಗೆ ಆಗಲಿಲ್ಲ.

ಸಂಜೆಮಲ್ಲಿಗೆ

ಅಕ್ಕ, ನಾನು ಕೇಳಿದ್ದು ಇದನ್ನೇ. ಮದುವೆಯಾಗಿ ಇಲ್ಲಿಗೆ ಬಂದಾಗ ನನಗೂ ಯಾರೂ ಗೊತ್ತಿರಲಿಲ್ಲ. 13 ವಾದ್ಯದ್ದನ್ನೇ ಕೇಳುತ್ತಿದ್ದೇನೆ.

ಇತಿಹಾಸಪ್ರೇಮಿ ಸರ್, ನೀವು ಹೇಳಿದ್ದು ತಲೆಯಲ್ಲೇ ಉಳಿದಿದೆ. ಅಲ್ಲಿ ಮೊದಲಿದ್ದವರು ಬರೆದ ಆರ್ಕೆಸ್ಟ್ರಾ ಸಂಗೀತ ಇದೆಯಾ?

ಇತಿಹಾಸಪ್ರೇಮಿ

ಇದೆ, ಮತ್ತು ಚೆನ್ನಾಗಿದೆ. ಲೂಯಿಸ್ ಬ್ಯಾಲರ್ಡ್, 1931ರಲ್ಲಿ ಒಕ್ಲಹೋಮಾದಲ್ಲಿ ಹುಟ್ಟಿದ ಕ್ವಾಪಾ ಮತ್ತು ಚೆರೋಕಿ ಮೂಲದ ಸಂಯೋಜಕ. 1974ರಲ್ಲಿ 'ಇನ್ಸಿಡೆಂಟ್ ಅಟ್ ವೂಂಡೆಡ್ ನೀ' ಅನ್ನುವ ಕೃತಿ ಬರೆದ, ಚಿಕ್ಕ ಆರ್ಕೆಸ್ಟ್ರಾಕ್ಕೆ. ಕೋಪ್ಲಂಡ್‌ನ ಬಯಲು ಕೇಳಿದ ಕಿವಿಗೆ ಇದು ಗಟ್ಟಿ, ಒರಟು. ಇಲ್ಲಿ ಜಾಗ ತೆರೆದುಕೊಳ್ಳುವುದಿಲ್ಲ, ಮುಚ್ಚಿಕೊಳ್ಳುತ್ತದೆ.

ಇನ್ನೊಬ್ಬ ಜೆರಾಡ್ ಟೇಟ್, ಚಿಕಸಾ ಜನಾಂಗದವನು, 1968ರಲ್ಲಿ ಹುಟ್ಟಿದ್ದು. ಅವನ ಮೊದಲ ದೊಡ್ಡ ಕೃತಿ 'ವಿಂಟರ್ ಮೂನ್ಸ್' ಬ್ಯಾಲೆಯನ್ನು ಬರೆಸಿದ್ದು ಅವನ ತಾಯಿಯೇ, ಆಕೆ ನೃತ್ಯ ಸಂಯೋಜಕಿ. 'ಟ್ರೇಸಿಂಗ್ ಮಿಸಿಸಿಪ್ಪಿ' ಅನ್ನುವುದು ಕೊಳಲು ಮತ್ತು ಆರ್ಕೆಸ್ಟ್ರಾಕ್ಕೆ. ಮಿಸಿಸಿಪ್ಪಿ ಕಡೆ ಚಿಕಸಾ ಜನರ ಹಳೆಯ ನೆಲ, 1830ರ ಕಾನೂನಿನ ನಂತರ ಅಲ್ಲಿಂದ ಅವರನ್ನು ಒಕ್ಲಹೋಮಾಕ್ಕೆ ಎಬ್ಬಿಸಿದರು. ಕೋಪ್ಲಂಡ್‌ನಲ್ಲಿ ಪಶ್ಚಿಮಕ್ಕೆ ಹೋಗುವ ನಡಿಗೆ ಇದೆಯಲ್ಲ, ಇದರಲ್ಲಿ ಪೂರ್ವಕ್ಕೆ ತಿರುಗಿ ನೋಡುವ ನೋಟ ಇದೆ.

2022ರಲ್ಲಿ ರೇವನ್ ಚಾಕೋನ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂತು, ಸಂಗೀತಕ್ಕೆ ಅದನ್ನು ಪಡೆದ ಮೊದಲ ಮೂಲನಿವಾಸಿ. ಡಿನೆ, ಅಂದರೆ ನವಾಹೊ ಜನಾಂಗದವನು. ಆ ಕೃತಿ 'ವಾಯ್ಸ್‌ಲೆಸ್ ಮಾಸ್', ಚರ್ಚಿನ ಆರ್ಗನ್ ಮತ್ತು ವಾದ್ಯಗಳಿಗೆ. ಅದು ಬಯಲಿನ ಸಂಗೀತ ಅಲ್ಲ, ಆದರೂ ಪಟ್ಟಿಯಲ್ಲಿಡಿ.

ಬಿಳಿಯ ಸಂಯೋಜಕರಲ್ಲೂ ವರ್ಜಿಲ್ ಥಾಮ್ಸನ್‌ನನ್ನು ಬಿಡಬೇಡಿ. 'ದ ಪ್ಲೌ ದಟ್ ಬ್ರೋಕ್ ದ ಪ್ಲೇನ್ಸ್', 1936, ಸರ್ಕಾರಿ ಸಾಕ್ಷ್ಯಚಿತ್ರಕ್ಕೆ ಬರೆದದ್ದು. ಹುಲ್ಲು, ದನ, ಸಟ್ಟಾ ವ್ಯಾಪಾರ, ಬರ, ನಾಶ, ಹೀಗೆ ಭಾಗಗಳು. ಹುಲ್ಲನ್ನು ಉತ್ತು ಹಾಕಿದ್ದರಿಂದಲೇ ಮಣ್ಣು ಹಾರಿಹೋಯಿತು ಅನ್ನುವ ಕಥೆ. ಕೌಬಾಯ್ ಹಾಡುಗಳನ್ನು ಆರ್ಕೆಸ್ಟ್ರಾಕ್ಕೆ ಹೀಗೆ ತಂದದ್ದರಲ್ಲಿ ಅವನು ಕೋಪ್ಲಂಡ್‌ಗಿಂತ ಎರಡು ವರ್ಷ ಮುಂದೆ. ನಿಮ್ಮ ಫ್ಲಿಂಟ್ ಹಿಲ್ಸ್ ಯಾಕೆ ಉಳಿಯಿತು, ಅದರ ಪಶ್ಚಿಮದ ನೆಲ ಯಾಕೆ ಧೂಳಾಯಿತು ಅನ್ನುವುದು ಅದರಲ್ಲೇ ಇದೆ.

ಹೊಸಕೇಳುಗ

ಒಂದು ಸಣ್ಣ ಪ್ರಶ್ನೆ. 'ಬಿಲಿ ದ ಕಿಡ್' ಎರಡು ಅಳತೆಯಲ್ಲಿ ಸಿಗುತ್ತಿದೆ. ಒಂದು ಸುಮಾರು 20 ನಿಮಿಷ, ಇನ್ನೊಂದು ಅದಕ್ಕಿಂತ ಉದ್ದ. ಯಾವುದು ಕೇಳಲಿ? ಯಾರು ನಡೆಸಿದ್ದು?

ಹಳೇರೆಕಾರ್ಡು

20 ನಿಮಿಷದ್ದು ಸೂಟ್, ಆಯ್ದ ಭಾಗಗಳು. ಉದ್ದದ್ದು ಪೂರ್ತಿ ಬ್ಯಾಲೆ. ಮೊದಲು ಸೂಟ್ ಕೇಳಿ, ಲೆನರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ನಡೆಸಿದ್ದು. ಎಲ್ಮರ್ ಬೇರೆ, ಇವನು ಬೇರೆ. ಪೂರ್ತಿ ಬ್ಯಾಲೆಗೆ ಲೆನರ್ಡ್ ಸ್ಲ್ಯಾಟ್ಕಿನ್, ಸೇಂಟ್ ಲೂಯಿಸ್ ಸಿಂಫನಿ. ಕೋಪ್ಲಂಡ್ ತಾನೇ ಲಂಡನ್ ಸಿಂಫನಿ ಜೊತೆ ನಡೆಸಿದ್ದೂ ಇದೆ, ಸ್ವಲ್ಪ ತಣ್ಣಗೆ, ಆದರೆ ಪ್ರತಿ ಸ್ವರವೂ ಸ್ಪಷ್ಟ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಬಾಸ್ ಡ್ರಮ್ ಫೋನ್ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ.

ಪಿಟೀಲುಮೇಷ್ಟ್ರು

ಸಂಜೆಮಲ್ಲಿಗೆ ಅವರೇ, ನಿಮ್ಮ ಮನೆಯಲ್ಲಿ ಪಿಟೀಲು ಇದೆಯಾ? ಇದ್ದರೆ ತಂತಿ ಇಳಿಸಿ ಸ್ಟೆಪ್ ಧಾಟಿ ಹೇಗೆ ಹಿಡಿಯುವುದು ಅಂತ ಸ್ವರ ಹಾಕಿ ಬರೆದು ಇಲ್ಲೇ ಹಾಕುತ್ತೇನೆ.

ಸಂಜೆಮಲ್ಲಿಗೆ

ನನ್ನ ಮಗಳು ಶಾಲೆಯ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾಳೆ ಮೇಷ್ಟ್ರೇ. ದಯವಿಟ್ಟು ಹಾಕಿ. ಅವಳಿಗೆ ಸ-ರಿ-ಗ ಬರುವುದಿಲ್ಲ, ನಾನು ಪಕ್ಕದಲ್ಲಿ ಕೂತು ಹಾಡಿ ಹೇಳಿಕೊಡುತ್ತೇನೆ.